ದೊಡ್ಡ ಸ್ವಾಮಿಯವರು ಇಟ್ಟ ಅಡಿಗಲ್ಲು

ಹಾಸನ ಸೀಮೆಯ ಕಥೋಲಿಕ ಕ್ರೈಸ್ತರ ಚರಿತ್ರೆಯನ್ನು ಬರೆಯ ಹೊರಟವರು ಮೊದಲಿಗೆ ಸ್ಮರಿಸಬೇಕಾದ ಹೆಸರು ಪೂಜ್ಯ ಅಬ್ಬೆ ದ್ಯುಬುವಾರವರದು. ಜನರ ಬಾಯಲ್ಲಿ ಅವರು ದೊಡ್ಡ ಸ್ವಾಮಿಯವರು.

ಫ್ರಾನ್ಸ್ ದೇಶದ ಆರ್ದೆಶ್ ಪ್ರಾಂತದಲ್ಲಿ ಜನಿಸಿದ ಇವರು 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಪರವಾಗಿ ಅದೇ ವರ್ಷ ಭಾರತಕ್ಕೆ ಹೊರಟರು. ಆಗ ಅವರ ತಾಯ್ನಾಡು ಮಹಾಕ್ರಾಂತಿಯ ದಳ್ಳುರಿಯಲ್ಲಿ ಬೇಯುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ತರುವಾಯ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವ ಹೊಣೆ ಇವರ ಹೆಗಲೇರಿತು. ಕಾವಿ ಸೀಮೆಯ ಸಾಧುಗಳಂತೆ ದೇಶೀಯ ಉಡುಪು ತೊಟ್ಟು, ಮಾಂಸಾಹಾರ ತೊರೆದು, ಊರೂರು ಅಲೆದರು.

ಮನೆಮಠ ಕಳೆದುಕೊಂಡವರಿಗೆ ಬರಿಯ ಉಪದೇಶದಿಂದ ಹೊಟ್ಟೆ ತುಂಬದೆಂಬುದನ್ನು ಅವರು ಬಲ್ಲವರಾಗಿದ್ದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬೇಸಾಯದ ನೆಲೆ ಕಲ್ಪಿಸಿ, ನಿರ್ಗತಿಕ ಕುಟುಂಬಗಳನ್ನು ನೇಗಿಲಿಗೆ ಹಚ್ಚಿದರು. ಸಿಡುಬಿನ ಮಾರಿಗೆ ಹಳ್ಳಿಗಳೇ ಬರಿದಾಗುತ್ತಿದ್ದ ಆ ದಿನಗಳಲ್ಲಿ, 1803–04ರ ಕೆಲವೇ ತಿಂಗಳುಗಳಲ್ಲಿ 25,432 ಮಂದಿಗೆ ದೇವಿ ಹಾಕಿಸಿದ ಲೆಕ್ಕ ಅವರದು. ಜೆನ್ನರ್ ಮಹಾಶಯನು ಈ ವಿಧಾನವನ್ನು ಲೋಕಕ್ಕೆ ತಿಳಿಸಿ ಆಗಿನ್ನೂ ಐದಾರು ವರ್ಷಗಳಷ್ಟೇ ಆಗಿದ್ದವು!

ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 2,000 ವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಅದರ ಬಹುಭಾಗ ಹಿಂದಿನ ಜೆಸ್ವಿತ್ ಗುರು ಕೆರ್ದೂರವರ ಬರಹದಿಂದ ಬಂದುದೆಂದು ಈಚಿನ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ; ಸ್ವಾಮಿಯವರ ಹಿರಿಮೆ ಆ ಪುಸ್ತಕವೊಂದನ್ನೇ ಆತುಕೊಂಡು ನಿಂತಿಲ್ಲ.

ಇನ್ನೊಂದು ಸಂಗತಿ ಮನಸ್ಸಿಗೆ ಕಸಿವಿಸಿ ತರುವಂಥದು. ಮೂರು ದಶಕಗಳ ದುಡಿಮೆಯ ಕೊನೆಗೆ ಅವರು ಭರವಸೆಯನ್ನೇ ಕಳೆದುಕೊಂಡರು. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಈ ನೆಲದಲ್ಲಿ ಕ್ರೈಸ್ತಧರ್ಮ ಬೇರೂರುವುದು ಮಾನವ ಪ್ರಯತ್ನಕ್ಕೆ ಮೀರಿದ್ದೆಂದು ವಾದಿಸಿದರು. ಪ್ರಾಟೆಸ್ಟೆಂಟ್ ಮಿಷನರಿಗಳು ಅದನ್ನು ಬಲವಾಗಿಯೇ ಖಂಡಿಸಿದರು. ಅದೇ ವರ್ಷ ಜನವರಿಯಲ್ಲಿ ಭಾರತವನ್ನು ಬಿಟ್ಟುಹೋದ ಸ್ವಾಮಿಯವರು ಮತ್ತೆ ಇತ್ತ ಬರಲಿಲ್ಲ. ಮುಂದೆ ತಮ್ಮ ಸಂಸ್ಥೆಗೆ ಶ್ರೇಷ್ಠಾಧಿಕಾರಿಗಳಾಗಿದ್ದು, 1848ರ ಫೆಬ್ರವರಿ 17ರಂದು ಪ್ಯಾರಿಸಿನಲ್ಲಿ ದೈವಾಧೀನರಾದರು.

ಆದರೆ ಅವರು ಕೈಚೆಲ್ಲಿದ ಸೀಮೆಯಲ್ಲಿ ಜನ ಕೈಚೆಲ್ಲಲಿಲ್ಲ. ಅವರು ಹೋದ ನಾಲ್ಕು ದಶಕಗಳ ಮೇಲೆ, 1860ರ ದಶಕದಲ್ಲಿ, ಅದೇ ಹಾಸನ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ಭವ್ಯ ದೇವಾಲಯವೆದ್ದಿತು. ನಮ್ಮ ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುವ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಊರು ಎತ್ತಂಗಡಿಯಾಯಿತು. ದೇವಾಲಯ ಮಾತ್ರ ಅಲ್ಲೇ ನಿಂತಿತು. ಮಳೆಗಾಲದಲ್ಲಿ ಅರೆಮುಳುಗಿ, ಬೇಸಗೆಯಲ್ಲಿ ಬುಡದವರೆಗೂ ಕಾಣಿಸಿಕೊಳ್ಳುವ ಆ ಗೋಡೆಗಳನ್ನು ನೋಡಲು ದೂರದೂರದವರು ಬರುತ್ತಾರೆ. ಸ್ವಾಮಿಯವರು ಪೂಜೆ ಸಲ್ಲಿಸುತ್ತಿದ್ದ ಶ್ರೀರಂಗಪಟ್ಟಣದ ಚಿಕ್ಕ ದೇವಾಲಯವಂತೂ ಈಗಲೂ ಅವರ ಹೆಸರಿನಿಂದಲೇ ಕರೆಯಿಸಿಕೊಳ್ಳುತ್ತಿದೆ.