ಭೂಮಿ ಬಿಸಿಯಾದ್ರೆ ಒಳ್ಳೇದೇ ಅಂದುಕೊಂಡಿದ್ದ ಅರೇನಿಯಸ್

ಅಂಕಿಅಂಶ ಮುಂದಿಟ್ಟರೆ ಸಾಕು, ಹವಾಮಾನ ಬದಲಾವಣೆ ಬಗ್ಗೆ ಜನ ತಾವಾಗೇ ಮನಸ್ಸು ಬದಲಾಯಿಸ್ತಾರೆ ಅಂತ ನಂಬೋ ಗೆಳೆಯರು ನಂಗೆ ತುಂಬಾ ಜನ ಇದಾರೆ. ಅವರಿಗೆಲ್ಲ ನಾನು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಕಥೆ ಹೇಳ್ತಿರ್ತೀನಿ.

ಹುಟ್ಟಿದ್ದು 1859ರಲ್ಲಿ, ಉಪ್ಸಲಾ ಹತ್ತಿರ. ನೀರಲ್ಲಿ ಕರಗಿದ ಉಪ್ಪು ವಿದ್ಯುತ್ತನ್ನು ಹೇಗೆ ಸಾಗಿಸುತ್ತೆ ಅನ್ನೋದರ ಮೇಲೆ 1884ರಲ್ಲಿ ಪಿಎಚ್‌ಡಿ ಪ್ರಬಂಧ ಬರೆದ. ಉಪ್ಸಲಾದ ಪ್ರೊಫೆಸರುಗಳಿಗೆ ಅದು ರುಚಿಸಲಿಲ್ಲ. ಹೇಗೋ ಪಾಸಾಗುವಷ್ಟು ಕೆಳದರ್ಜೆ ಕೊಟ್ಟು ಸಾಗಹಾಕಿದರು. ಆತ ಸುಮ್ಮನಾಗದೆ ಪ್ರಬಂಧದ ಪ್ರತಿಗಳನ್ನು ಹೊರದೇಶದ ವಿಜ್ಞಾನಿಗಳಿಗೆ ಕಳಿಸಿದ. ರೀಗಾದಿಂದ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಖುದ್ದಾಗಿ ಬಂದು, ನಮ್ಮಲ್ಲಿಗೆ ಬಾ ಅಂತ ಕರೆದ ಮೇಲೆ ಉಪ್ಸಲಾದವರೂ ಮೆತ್ತಗಾದರು, ಅಲ್ಲೇ ಹುದ್ದೆ ಕೊಟ್ಟರು. ಪ್ರಬಂಧದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ಗಮನಿಸಿ. ಅದೇ ವಿಚಾರ ಬೆಳೆದು 1903ರಲ್ಲಿ ನೊಬೆಲ್ ತಂದಿತು. ಸ್ವೀಡನ್ನಿಗೆ ಅದೇ ಮೊದಲನೇದು.

ಅದಕ್ಕೂ ಮುಂಚೆ, 1894ರ ಕೊನೆಗೆ, ಸ್ಟಾಕ್‌ಹೋಮ್‌ನಲ್ಲಿ ಆತ ಹಿಮಯುಗ ಯಾಕೆ ಬಂತು ಅನ್ನೋ ಪ್ರಶ್ನೆ ಹಿಡಿದು ಕೂತ. ಮದುವೆ ಮುರಿದು ಬೀಳ್ತಿದ್ದ ದಿನಗಳವು. ಅಮೆರಿಕದ ಲ್ಯಾಂಗ್ಲಿ ಚಂದ್ರನ ಶಾಖವನ್ನು ಅಳೆದಿದ್ದ ಅಂಕಿಗಳನ್ನಿಟ್ಟುಕೊಂಡು, ಅಕ್ಷಾಂಶಕ್ಕೊಂದರಂತೆ, ಋತುವಿಗೊಂದರಂತೆ, ಪೆನ್ಸಿಲ್ಲಿನಲ್ಲಿ ವರ್ಷದಷ್ಟು ಕಾಲ ಲೆಕ್ಕ. 1896ರಲ್ಲಿ ಬಂದ ಉತ್ತರ: ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ 5ರಿಂದ 6 ಡಿಗ್ರಿ ಬಿಸಿಯಾಗುತ್ತೆ. ಇವತ್ತಿನ ಅಂದಾಜು 3 ಡಿಗ್ರಿ ಆಸುಪಾಸು. ಕಂಪ್ಯೂಟರೇ ಇಲ್ಲದ ಕಾಲಕ್ಕೆ ಇದು ಸಣ್ಣ ಸಾಧನೆ ಅಲ್ಲ.

ಮೊದಲಿಗೆ ಆತ, ಮನುಷ್ಯ ಸುಡೋ ಕಲ್ಲಿದ್ದಲಿನಿಂದ ಇದೆಲ್ಲ ಆಗೋಕೆ ಸಾವಿರಾರು ವರ್ಷ ಬೇಕು ಅಂದುಕೊಂಡಿದ್ದ. ಆದರೆ 1890ರಲ್ಲಿ ಜಗತ್ತಿನಲ್ಲಿ 50 ಕೋಟಿ ಟನ್ ಚಿಲ್ಲರೆ ಇದ್ದ ಕಲ್ಲಿದ್ದಲ ಬಳಕೆ 1904ರ ಹೊತ್ತಿಗೆ 90 ಕೋಟಿ ಹತ್ತಿರ ಬಂದಿತ್ತು. ಆ ಅಂಕಿ ನೋಡಿ, ಕೆಲವು ಶತಮಾನ ಸಾಕು ಅಂತ ತನ್ನ ಮಾತನ್ನೇ ತಿದ್ದಿಕೊಂಡ. ಆದ್ರೆ ಒಂದು ಮಾತ್ರ ಬದಲಾಗಲಿಲ್ಲ: ಬಿಸಿಯಾದರೆ ಒಳ್ಳೇದೇ, ಚಳಿ ಕಮ್ಮಿಯಾಗಿ ಬೆಳೆ ಹೆಚ್ಚುತ್ತೆ ಅನ್ನೋ ನಂಬಿಕೆ. ಹಿಮದ ನಾಡಲ್ಲಿ ಕೂತವನಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬಿಸಿಲಲ್ಲಿ ಬೇಯೋ ದೇಶಗಳ ಗತಿ ಏನು ಅನ್ನೋದು ಆತನನ್ನು ಅಷ್ಟಾಗಿ ಕಾಡಲಿಲ್ಲ ಅಂತ ನಂಗನ್ಸುತ್ತೆ. ಹಾಗನ್ನಿಸೋಕೆ ಕಾರಣವೂ ಇದೆ: ಜನಾಂಗ ಶುದ್ಧಿಯ ಸ್ವೀಡಿಷ್ ಸಂಘದಲ್ಲೂ ಈ ಮಹಾಶಯ ಇದ್ದ. ಹೊಗಳುವಾಗ ಇದನ್ನ ಮುಚ್ಚಿಡೋದು ಬೇಡ.

ಉಳಿದ ವಿಜ್ಞಾನಿಗಳೋ? 1900ರಲ್ಲಿ ಅದೇ ಉಪ್ಸಲಾದ ಕ್ನೂಟ್ ಆಂಗ್‌ಸ್ಟ್ರಾಮ್ ಒಂದು ಕೊಳವೆಯಲ್ಲಿ ಈ ಅನಿಲ ತುಂಬಿ ಶಾಖ ಹಾಯಿಸಿದ. ಅನಿಲ ಹೆಚ್ಚುಕಮ್ಮಿ ಮಾಡಿದ್ರೂ ಹೀರಿಕೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಸರಿ, ಅರೇನಿಯಸ್ ಲೆಕ್ಕ ತಪ್ಪು ಅಂತ ತೀರ್ಮಾನವಾಯ್ತು. ಶಾಖ ಆಕಾಶಕ್ಕೆ ತಪ್ಪಿಸಿಕೊಳ್ಳೋದು ಮೇಲಿನ ತೆಳು ಗಾಳಿಯಿಂದ, ಅಲ್ಲಿ ಅನಿಲ ಹೆಚ್ಚಿದರೆ ಪರಿಣಾಮ ಇದ್ದೇ ಇರುತ್ತೆ ಅನ್ನೋದನ್ನ ಒಪ್ಪೋಕೆ ಅರ್ಧ ಶತಮಾನ ಹಿಡೀತು. 1938ರಲ್ಲಿ ಬ್ರಿಟನ್ನಿನ ಉಗಿ ಎಂಜಿನಿಯರ್ ಗೈ ಕ್ಯಾಲೆಂಡರ್, ಭೂಮಿ ಆಗಲೇ ಬಿಸಿಯಾಗ್ತಿದೆ ಅಂತ ಅಳತೆಗಳ ಸಮೇತ ತೋರಿಸಿದಾಗಲೂ ಹವಾಮಾನ ತಜ್ಞರು ಅನುಮಾನದಿಂದಲೇ ನೋಡಿದರು.

ಅರೇನಿಯಸ್ ಅಷ್ಟರಲ್ಲಿ, 1927ರಲ್ಲೇ, ತೀರಿಕೊಂಡಿದ್ದ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳತೆ ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ ಕಾರ್ಬನ್ ಡೈಆಕ್ಸೈಡ್ ಇತ್ತು. ಈಗ 420 ದಾಟಿದೆ. ಕೀಲಿಂಗ್ ಕೆಲಸ ಮಾಡ್ತಿದ್ದ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲೇ, ಸಮುದ್ರತಳದ ಕೆಸರನ್ನು ಓದುತ್ತಾ ಇದ್ದವರು ಗುಸ್ತಾಫ್ ಅರೇನಿಯಸ್, ಸ್ವಾಂಟೆಯ ಮೊಮ್ಮಗ.