ಕಳಚಿ ಹಾಕುವ ಟೈರು ಕೊಟ್ಟ ಎದುವಾರ್ ಮಿಶೆಲಿನ್

ಕಾರಿನ ಟೈರನ್ನು ಅಂತರ್ಜಾಲದಲ್ಲಿ ಕೊಂಡು, ಮನೆಯ ಸಮೀಪದ ಅಂಗಡಿಯಲ್ಲಿ ಹಾಕಿಸಿಕೊಳ್ಳುವುದು ಇಂದು ನಗರವಾಸಿಗಳಿಗೆ ಹೊಸತಲ್ಲ. ಎಲ್ಲೋ ತಯಾರಾದ ಟೈರನ್ನು ಬೇರೊಂದು ಊರಿನ ಕೆಲಸಗಾರ ನಿರಾಯಾಸವಾಗಿ ಚಕ್ರಕ್ಕೆ ಕೂರಿಸಬಲ್ಲನೆಂಬ ಭರವಸೆಯ ಮೇಲೆ ಈ ವ್ಯಾಪಾರ ನಿಂತಿದೆ. ಆ ಭರವಸೆಗೆ ತಳಪಾಯ ಹಾಕಿದವರಲ್ಲಿ ಫ್ರಾನ್ಸಿನ ಎದುವಾರ್ ಮಿಶೆಲಿನ್ ಅಗ್ರಗಣ್ಯರು.

1859ರ ಜೂನ್ 23ರಂದು ಪ್ಯಾರಿಸ್ಸಿನಲ್ಲಿ ಜನಿಸಿದ ಎದುವಾರ್ ಅವರಿಗೆ ಚಿತ್ರಕಲಾವಿದನಾಗುವ ಹಂಬಲವಿತ್ತು. ಅದಕ್ಕಾಗಿ ಅವರು ಪ್ಯಾರಿಸ್ಸಿನ ಲಲಿತಕಲಾ ಶಾಲೆಯಲ್ಲಿ ಅಭ್ಯಾಸ ಮಾಡಿದ್ದರು. ಆದರೆ ಕ್ಲೆರ್ಮಾನ್-ಫೆರಾನ್ ಪಟ್ಟಣದಲ್ಲಿ ಅವರ ಅಜ್ಜ ಕಟ್ಟಿದ್ದ ಕೃಷಿ ಯಂತ್ರ ಹಾಗೂ ರಬ್ಬರ್ ವಸ್ತುಗಳ ಕಾರ್ಖಾನೆ ಅಷ್ಟರಲ್ಲಿ ಮುಳುಗುವ ಸ್ಥಿತಿಗೆ ಬಂದಿತ್ತು. ಎಂಜಿನಿಯರ್ ಆಗಿದ್ದ ಅಣ್ಣ ಆಂದ್ರೆ ಒಬ್ಬರಿಂದಲೇ ಅದನ್ನು ನಡೆಸುವುದು ಸಾಧ್ಯವಾಗಲಿಲ್ಲ. ಎದುವಾರ್ ಕುಂಚ ಕೆಳಗಿಟ್ಟು ಕಾರ್ಖಾನೆಯ ಹೊಣೆ ಹೊತ್ತರು. 1889ರಲ್ಲಿ ಅದು ಮಿಶೆಲಿನ್ ಹೆಸರನ್ನು ಪಡೆಯಿತು.

ಅದಕ್ಕೆ ಒಂದು ವರ್ಷ ಮೊದಲು ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಿದ್ದರು. ಸವಾರಿ ಸುಖವಾಯಿತಾದರೂ ಟೈರನ್ನು ಚಕ್ರದ ರಿಮ್ಮಿಗೆ ಅಂಟಿಸಬೇಕಿತ್ತು. ಅಂಥ ಟೈರು ಕೆಟ್ಟು ಬಂದ ಸೈಕಲ್ ಸವಾರನೊಬ್ಬನಿಂದ ಮಿಶೆಲಿನ್ ಕಥೆ ತಿರುವು ಪಡೆಯಿತೆಂದು ಸಂಸ್ಥೆಯ ಇತಿಹಾಸ ಹೇಳುತ್ತದೆ. ಟೈರನ್ನು ಬಿಚ್ಚಿ ತೇಪೆ ಹಾಕಲು ಗಂಟೆಗಟ್ಟಲೆ ಹಿಡಿಯಿತು, ಅಂಟು ಒಣಗಲು ಇಡೀ ರಾತ್ರಿ ಕಾಯಬೇಕಾಯಿತು. ಮರುದಿನ ಎದುವಾರ್ ಆ ಸೈಕಲ್ ಏರಿ ಕೊಂಚ ದೂರ ಹೋಗುವಷ್ಟರಲ್ಲಿ ಗಾಳಿ ಮತ್ತೆ ಇಳಿದಿತ್ತು. ಗಾಳಿಯ ಟೈರಿಗೆ ಭವಿಷ್ಯವಿದೆ, ಆದರೆ ಅದನ್ನು ಯಾರು ಬೇಕಾದರೂ, ಎಲ್ಲಿ ಬೇಕಾದರೂ ಬದಲಿಸುವಂತಿರಬೇಕು ಎಂಬುದು ಅವರಿಗೆ ಆಗ ಮನದಟ್ಟಾಯಿತು.

1891ರಲ್ಲಿ ಅವರು ಅಂಟಿನ ಹಂಗಿಲ್ಲದೆ ಕಳಚಿ ಹಾಕಬಹುದಾದ ಟೈರಿಗೆ ಪೇಟೆಂಟ್ ಪಡೆದರು. ಅದೇ ವರ್ಷ ನಡೆದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸೈಕಲ್ ಸ್ಪರ್ಧೆಯಲ್ಲಿ ಈ ಟೈರು ಹಾಕಿಕೊಂಡ ಶಾರ್ಲ್ ತೆರೋಂ ಸುಮಾರು 1,200 ಕಿ.ಮೀ. ದೂರವನ್ನು 71 ಗಂಟೆಗಳಲ್ಲಿ ಕ್ರಮಿಸಿ ಜಯಗಳಿಸಿದರು. ಮರುವರ್ಷ ಸೋದರರೇ ಪ್ಯಾರಿಸ್ಸಿನಿಂದ ಕ್ಲೆರ್ಮಾನ್-ಫೆರಾನ್‌ವರೆಗೆ ಸ್ಪರ್ಧೆ ಏರ್ಪಡಿಸಿದರು. ಟೈರು ಬದಲಿಸುವುದು ಎಷ್ಟು ಸುಲಭವೆಂದು ತೋರಿಸಲು ಆ ದಾರಿಯಲ್ಲಿ ಮೊಳೆ ಹರಡಲಾಗಿತ್ತೆಂಬ ಪ್ರತೀತಿ ಇದೆ.

ಮೋಟಾರು ವಾಹನಕ್ಕೆ ಗಾಳಿಯ ಟೈರು ಹೊಂದುವುದೇ ಎಂಬ ಅನುಮಾನ ಇನ್ನೂ ಉಳಿದಿತ್ತು. 1895ರ ಪ್ಯಾರಿಸ್-ಬೋರ್ಡೊ-ಪ್ಯಾರಿಸ್ ಓಟದಲ್ಲಿ ಸೋದರರು ತಾವೇ ಕಾರು ನಡೆಸಿದರು. ಮತ್ತೆ ಮತ್ತೆ ಪಂಕ್ಚರ್ ಆಗಿ ನಿಗದಿತ ವೇಳೆಯಲ್ಲಿ ಗುರಿ ಮುಟ್ಟಲಿಲ್ಲ. ಆದರೂ ಗಾಳಿಯ ಟೈರಿನ ಮೇಲೆ ಕಾರು ಓಡಬಲ್ಲದೆಂಬುದು ಸಿದ್ಧವಾಯಿತು. 1906ರ ಫ್ರೆಂಚ್ ಗ್ರ್ಯಾನ್ ಪ್ರಿ ಓಟದಲ್ಲಿ ರಿಮ್ ಸಮೇತ ಕಳಚುವ ಮಿಶೆಲಿನ್ ಟೈರುಗಳು ರೆನೊ ಕಾರಿನ ಗೆಲುವಿಗೆ ನೆರವಾದವು. ಪ್ರತಿಸ್ಪರ್ಧಿಗಳು ಹಳೆಯ ಟೈರು ಕತ್ತರಿಸಿ ತೆಗೆಯುವಷ್ಟರಲ್ಲಿ ರೆನೊ ಚಾಲಕ ಮುಂದೆ ಸಾಗಿರುತ್ತಿದ್ದ.

ಟೈರು ಒಳ್ಳೆಯದಿದ್ದರೆ ಸಾಲದು, ದೂರದ ಊರಿನಲ್ಲೂ ಅದು ದೊರೆಯಬೇಕು, ಹಾಕುವವನೂ ಸಿಗಬೇಕು. 1900ರಲ್ಲಿ ಸೋದರರು ಉಚಿತವಾಗಿ ಹಂಚಿದ ಕೈಪಿಡಿಯ ಉದ್ದೇಶ ಇದೇ ಆಗಿತ್ತು. ಟೈರು ಬದಲಿಸುವ ವಿಧಾನ, ಊರೂರಿನ ಮೆಕ್ಯಾನಿಕ್‌ಗಳು, ಟೈರು ದಾಸ್ತಾನು ಇರುವ ಅಂಗಡಿಗಳು ಅದರಲ್ಲಿದ್ದವು. ಹೋಟೆಲುಗಳಿಗೆ ನಕ್ಷತ್ರ ನೀಡುವ ಇಂದಿನ ಪ್ರಸಿದ್ಧ ಮಿಶೆಲಿನ್ ಗೈಡ್ ಹುಟ್ಟಿದ್ದು ಹೀಗೆ.

ಎದುವಾರ್ ಅವರ ಕೊನೆಯ ದಶಕ ಮಾತ್ರ ಕಠಿಣವಾಗಿತ್ತು. 1931ರಲ್ಲಿ ಅಣ್ಣ ತೀರಿಕೊಂಡರು. 1932ರಲ್ಲಿ ಮಗ ಎತಿಯೆನ್ ವಿಮಾನ ಅಪಘಾತಕ್ಕೆ ಬಲಿಯಾದರು. 1934ರ ಕೊನೆಗೆ ಸಿಟ್ರೊಯೆನ್ ಕಾರು ಕಂಪನಿ ದಿವಾಳಿಯಾದಾಗ, ಅದರಿಂದ ದೊಡ್ಡ ಮೊತ್ತ ಬರಬೇಕಿದ್ದ ಮಿಶೆಲಿನ್ ಸಂಸ್ಥೆಯೇ ಅದನ್ನು ವಹಿಸಿಕೊಂಡಿತು. ಅದನ್ನು ಮುನ್ನಡೆಸುತ್ತಿದ್ದ ಇನ್ನೊಬ್ಬ ಮಗ ಪಿಯರ್ 1937ರಲ್ಲಿ ಕಾರು ಅಪಘಾತದಲ್ಲಿ ಮಡಿದರು. ಇಬ್ಬರು ಮಕ್ಕಳನ್ನೂ ಕಳೆದುಕೊಂಡ ವೃದ್ಧ ತಂದೆಯ ಹೆಗಲ ಮೇಲೆ ಸಂಸ್ಥೆಯ ಭಾರ ಉಳಿಯಿತು. ಫ್ರಾನ್ಸ್ ಜರ್ಮನಿಗೆ ಶರಣಾದ ಎರಡು ತಿಂಗಳ ಬಳಿಕ, 1940ರ ಆಗಸ್ಟ್ 25ರಂದು, 81ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಅವರ ಸಂಸ್ಥೆ 1946ರಲ್ಲಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಟೈರಿನ ಪಕ್ಕದಲ್ಲಿ 185/65 ಆರ್ 15 ಎಂದಿದ್ದರೆ, ಅಗಲ 185 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ಶೇ. 65, ರಿಮ್ಮಿನ ವ್ಯಾಸ 15 ಇಂಚು ಎಂದರ್ಥ. ನಡುವಿನ ಆರ್ ಅಕ್ಷರ ರೇಡಿಯಲ್ ಎಂಬುದರ ಗುರುತು. ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳೂ ಅಲ್ಲೇ ಇರುತ್ತವೆ. ಅಂತರ್ಜಾಲದಲ್ಲಿ ಕೊಂಡವರು ಅಂಗಡಿಯಲ್ಲಿ ಇವೆರಡನ್ನೂ ನೋಡಿಕೊಂಡು, ಟೈರು ಹಾಕಿಸಿ, ಬ್ಯಾಲೆನ್ಸಿಂಗ್ ಮಾಡಿಸಿಕೊಂಡರೆ ಸಾಕು. ಅಂಟು ಒಣಗಲೆಂದು ರಾತ್ರಿಯಿಡೀ ಕಾಯುವ ಕಷ್ಟವನ್ನು ಎದುವಾರ್ ಮಿಶೆಲಿನ್ 1891ರಲ್ಲೇ ತಪ್ಪಿಸಿದ್ದಾರೆ.