ಆಟಿಕೆಗಳ ಶಿಲ್ಪಿ ಗುಂಪೇ ಯೊಕೊಯಿ

ಜಪಾನಿನ ಹಳೆಯ ರಾಜಧಾನಿಯಾದ ಕ್ಯೋಟೊ ನಗರವು ದೇವಾಲಯಗಳಿಗೂ ಕರಕುಶಲ ಕಲೆಗಳಿಗೂ ಹೆಸರಾದುದು. ಆ ನಗರದಲ್ಲಿ 1889ರಲ್ಲಿ ನಿಂಟೆಂಡೊ ಎಂಬ ಸಣ್ಣ ಉದ್ಯಮವೊಂದು ಆರಂಭವಾಯಿತು. ಹೂಗಿಡಗಳ ಚಿತ್ರವುಳ್ಳ ಹನಾಫುದಾ ಎಂಬ ಆಟದ ಎಲೆಗಳನ್ನು ತಯಾರಿಸುವುದು ಅದರ ಕಸುಬು. ನಮ್ಮಲ್ಲಿ ಇಸ್ಪೀಟು ಇದ್ದಂತೆ ಅವರಲ್ಲಿ ಹನಾಫುದಾ. ಇಂತಹ ಸಂಸ್ಥೆಯೇ ಒಂದು ಶತಮಾನ ಕಳೆಯುವಷ್ಟರಲ್ಲಿ ವಿಡಿಯೋ ಆಟಗಳ ಮೂಲಕ ಜಗತ್ತಿನ ಮಕ್ಕಳಿಗೆಲ್ಲ ಪರಿಚಿತವಾಯಿತೆಂಬುದು ಸೋಜಿಗದ ಸಂಗತಿ. ಆ ಬದಲಾವಣೆಗೆ ಕಾರಣರಾದವರಲ್ಲಿ ಯಂತ್ರಗಳ ದುರಸ್ತಿಗೆಂದು ಬಂದು ಸೇರಿದ ಒಬ್ಬ ತರುಣನೂ ಇದ್ದನು. ಆತನೇ ಗುಂಪೇ ಯೊಕೊಯಿ.

ಯೊಕೊಯಿಯವರು 1941ರ ಸೆಪ್ಟೆಂಬರ್ 10ರಂದು ಕ್ಯೋಟೊದಲ್ಲಿ ಜನಿಸಿದರು. ಅದೇ ಊರಿನ ದೊಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ವ್ಯಾಸಂಗ ಮಾಡಿದರು. ಅವರು ಪರೀಕ್ಷೆಗಳಲ್ಲಿ ಮುಂದಿನ ಸಾಲಿನವರೇನೂ ಆಗಿರಲಿಲ್ಲ. ದೊಡ್ಡ ಕಂಪನಿಗಳಲ್ಲಿ ಉದ್ಯೋಗ ಪಡೆಯುವ ಪ್ರಯತ್ನ ಕೈಗೂಡಲಿಲ್ಲ. ಹುಟ್ಟೂರನ್ನು ಬಿಟ್ಟು ಹೋಗುವ ಮನಸ್ಸೂ ಇರಲಿಲ್ಲ. ಹೀಗಾಗಿ 1965ರಲ್ಲಿ ಮನೆಗೆ ಸಮೀಪದ ನಿಂಟೆಂಡೊ ಕಾರ್ಖಾನೆಯನ್ನು ಸೇರಿದರು. ಆಟದ ಎಲೆಗಳನ್ನು ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವುದು, ಕೆಟ್ಟರೆ ಸರಿಪಡಿಸುವುದು ಅವರ ಪಾಲಿನ ಕೆಲಸ. ಯಂತ್ರಗಳು ನೆಟ್ಟಗೆ ನಡೆಯುತ್ತಿರುವಾಗ ದುರಸ್ತಿಯವನಿಗೆ ಕೆಲಸವೆಲ್ಲಿಯದು? ಬಿಡುವು ಬೇಕಾದಷ್ಟು ದೊರೆಯುತ್ತಿತ್ತು.

ಆ ಬಿಡುವಿನಲ್ಲಿ ಅವರು ಕಾರ್ಖಾನೆಯ ಲೇತ್ ಯಂತ್ರದ ಮುಂದೆ ಕುಳಿತು ತಮ್ಮ ವಿನೋದಕ್ಕಾಗಿ ಒಂದು ಆಟಿಕೆಯನ್ನು ಮಾಡಿಕೊಂಡರು. ಅಂಗಡಿಗಳ ಮುಂದೆ ಎಳೆದು ಮುಚ್ಚುವ ಕಬ್ಬಿಣದ ಗೇಟನ್ನು ನಾವೆಲ್ಲ ಕಂಡಿದ್ದೇವೆ. ಅದರ ಅಡ್ಡಪಟ್ಟಿಗಳು ಕತ್ತರಿಯಂತೆ ಒಂದನ್ನೊಂದು ಹಾದು, ಎಳೆದಾಗ ಹರಡಿಕೊಳ್ಳುತ್ತವೆ, ತಳ್ಳಿದಾಗ ಮಡಚಿಕೊಳ್ಳುತ್ತವೆ. ಯೊಕೊಯಿಯವರ ಆಟಿಕೆಯ ಮರ್ಮವೂ ಅದೇ. ಹಿಡಿಗಳನ್ನು ಅದುಮಿದರೆ ಪಟ್ಟಿಗಳು ಮುಂದಕ್ಕೆ ಚಾಚಿ, ತುದಿಯಲ್ಲಿರುವ ಕೈ ದೂರದ ವಸ್ತುವನ್ನು ಹಿಡಿಯುತ್ತಿತ್ತು. ಒಂದು ದಿನ ಕಾರ್ಖಾನೆಯನ್ನು ನೋಡಲು ಬಂದ ಅಧ್ಯಕ್ಷ ಹಿರೋಶಿ ಯಮಾಉಚಿಯವರ ಕಣ್ಣಿಗೆ ಇದು ಬಿದ್ದಿತು. ಅವರು ಮಾತಿಗೆ ಕಟ್ಟುನಿಟ್ಟಾದ ಮನುಷ್ಯ. ಕಚೇರಿಗೆ ಕರೆ ಬಂದಾಗ, ಕೆಲಸದ ವೇಳೆಯಲ್ಲಿ ಆಟವಾಡಿದ್ದಕ್ಕೆ ಬೈಗುಳ ಖಂಡಿತವೆಂದು ಯೊಕೊಯಿ ಅಂಜುತ್ತಲೇ ಹೋದರು. ಆದರೆ ಅಲ್ಲಿ ಸಿಕ್ಕ ಅಪ್ಪಣೆ ಬೇರೆಯೇ ಆಗಿತ್ತು. ಅದನ್ನು ಮಾರಾಟಕ್ಕೆ ಯೋಗ್ಯವಾದ ಆಟಿಕೆಯಾಗಿ ಸಿದ್ಧಪಡಿಸಬೇಕೆಂದು ಯಮಾಉಚಿಯವರು ಹೇಳಿದರು. ತರಗತಿಯಲ್ಲಿ ಮೇಜಿನ ಮರೆಯಲ್ಲಿ ಏನನ್ನೋ ಜೋಡಿಸುತ್ತಿದ್ದ ಹುಡುಗರನ್ನು ನಾನೂ ಅನೇಕ ಸಲ ಗದರಿಸಿದ್ದೇನೆ. ಈ ಪ್ರಸಂಗವನ್ನು ಓದಿದಾಗಲೆಲ್ಲ ಆ ಹುಡುಗರ ಮುಖಗಳು ನೆನಪಾಗುತ್ತವೆ.

1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಿಂದ ಹೊರಬಂದ ಆ ಆಟಿಕೆ ಹತ್ತು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ದುರಸ್ತಿಯ ತರುಣ ಹೊಸ ಆಟಿಕೆಗಳನ್ನು ರೂಪಿಸುವ ಕೆಲಸಕ್ಕೆ ನೇಮಕಗೊಂಡರು. ಮನೆಯೊಳಗೇ ಚೆಂಡೆಸೆಯುವ ಯಂತ್ರ, ಬೆಳಕನ್ನು ಗುರುತಿಸುವ ಸೌರಕೋಶಗಳನ್ನು ಬಳಸಿದ ಬಂದೂಕಿನ ಆಟ ಮುಂತಾದವು ಒಂದರ ಹಿಂದೊಂದು ಬಂದವು.

ಅವರ ಹೆಸರನ್ನು ನಿಲ್ಲಿಸಿದ ಕಲ್ಪನೆ ಹೊಳೆದುದು ರೈಲಿನಲ್ಲಿ. ಅತಿವೇಗದ ಶಿಂಕಾನ್ಸೆನ್ ಗಾಡಿಯಲ್ಲಿ ಪ್ರಯಾಣಿಸುತ್ತಿದ್ದಾಗ, ಬೇಸರಗೊಂಡ ಒಬ್ಬ ನೌಕರನು ಕೈಯಲ್ಲಿದ್ದ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕಾಲ ಕಳೆಯುತ್ತಿದ್ದುದನ್ನು ಅವರು ಕಂಡರು. ದೊಡ್ಡವರೂ ಅಂಗೈಯಲ್ಲಿ ಮರೆಮಾಡಿಕೊಂಡು ಆಡಬಹುದಾದ ಸಣ್ಣ ಆಟವೊಂದಿದ್ದರೆ ಹೇಗೆ ಎಂಬ ಯೋಚನೆ ಮೂಡಿತು. ಮುಂದೊಮ್ಮೆ ಅಧ್ಯಕ್ಷರ ಚಾಲಕನಿಗೆ ಅನಾರೋಗ್ಯವಾಗಿ, ಕಾರು ನಡೆಸುವ ಕೆಲಸ ಯೊಕೊಯಿಯವರ ಪಾಲಿಗೆ ಬಂದಿತು. ದಾರಿಯಲ್ಲಿ ಮಾತಿಗೆ ಮಾತು ಬಂದು ಈ ವಿಚಾರವನ್ನು ಹೇಳಿದರು. ಯಮಾಉಚಿಯವರು ಆಗ ಉತ್ಸಾಹವನ್ನೇನೂ ತೋರಲಿಲ್ಲ. ಆದರೆ ಕೆಲವು ದಿನಗಳಲ್ಲೇ ಕ್ಯಾಲ್ಕುಲೇಟರ್ ತಯಾರಕರಾದ ಶಾರ್ಪ್ ಕಂಪನಿಯವರು ಮಾತುಕತೆಗೆ ನಿಂಟೆಂಡೊಗೆ ಬಂದಿದ್ದರು! ಗೇಮ್ ಅಂಡ್ ವಾಚ್ ಎಂಬ ಅಂಗೈ ಆಟ 1980ರಲ್ಲಿ ಮಾರುಕಟ್ಟೆಗೆ ಬಂದಿತು. ಆಟದ ಜೊತೆಗೆ ಅದು ಗಡಿಯಾರವೂ ಆಗಿತ್ತು. ಈ ಮಾಲೆಯ ಆಟಗಳು ಒಟ್ಟಾರೆ 4 ಕೋಟಿಗೂ ಮೀರಿ ಮಾರಾಟವಾದವು.

ಇಲ್ಲಿ ಯೊಕೊಯಿಯವರ ಕಾರ್ಯವಿಧಾನವನ್ನು ಗಮನಿಸಬೇಕು. ಕ್ಯಾಲ್ಕುಲೇಟರಿನ ದ್ರವಸ್ಫಟಿಕ ಪರದೆಯು ಆ ವೇಳೆಗೆ ಹೊಸ ವಸ್ತುವಾಗಿ ಉಳಿದಿರಲಿಲ್ಲ. ಬಳಸಿ ಬಳಸಿ ಹದಗೊಂಡು, ಬೆಲೆಯೂ ಇಳಿದಿತ್ತು. ಹೀಗೆ ಪಳಗಿದ ತಂತ್ರವನ್ನು ಯಾರೂ ನೆನೆಯದ ಕಡೆಗೆ ತಿರುಗಿಸಿ ಬಳಸಬೇಕೆಂಬುದು ಅವರ ನಿಲುವು. 1982ರಲ್ಲಿ ಮಡಚುವ ಎರಡು ಪರದೆಗಳ ಆಟವನ್ನು ರೂಪಿಸುವಾಗ, ಎದ್ದುನಿಲ್ಲುವ ಹಿಡಿಕೋಲು ಅದರಲ್ಲಿ ಅಡಗುವಂತಿರಲಿಲ್ಲ. ಆಗ ಅವರು ಕೂಡುಚಿಹ್ನೆಯ ಆಕಾರದ ಚಪ್ಪಟೆ ಗುಂಡಿಯನ್ನು ಅಳವಡಿಸಿದರು. ನಾಲ್ಕು ದಿಕ್ಕಿಗೆ ಹೆಬ್ಬೆರಳಿನಿಂದ ಒತ್ತುವ ಆ ಗುಂಡಿ ಮುಂದಿನ ವಿಡಿಯೋ ಆಟಗಳಲ್ಲೆಲ್ಲ ಹರಡಿತು. ಇದಕ್ಕೆ ಸ್ವಲ್ಪ ಮುಂಚೆ, 1981ರ ಡಾಂಕಿ ಕಾಂಗ್ ಆಟವನ್ನು ತರುಣ ಕಲಾವಿದ ಶಿಗೆರು ಮಿಯಾಮೊಟೊ ರಚಿಸಿದಾಗ ಮೇಲ್ವಿಚಾರಣೆ ಯೊಕೊಯಿಯವರದೇ ಆಗಿತ್ತು.

1989ರಲ್ಲಿ ಗೇಮ್ ಬಾಯ್ ಬಂದಿತು. ಅದರ ಸಿದ್ಧತೆ ಸುಗಮವಾಗಿರಲಿಲ್ಲ. ಮೊದಲ ಮಾದರಿಯ ಪರದೆ ಸ್ಪಷ್ಟವಾಗಿ ಕಾಣುವುದಿಲ್ಲವೆಂದು ಅಧ್ಯಕ್ಷರು ಸಿಟ್ಟಾಗಿ, ಯೋಜನೆಯೇ ನಿಂತುಹೋಗುವ ಸ್ಥಿತಿ ಒದಗಿತು. ಯೊಕೊಯಿಯವರು ತೀವ್ರ ಕಳವಳಕ್ಕೆ ಒಳಗಾದರು. ಬೇರೆ ಬಗೆಯ ಪರದೆ ದೊರೆತ ಮೇಲೆಯೇ ಕಾರ್ಯ ಮುಂದುವರಿಯಿತು. ಸತೋರು ಒಕಾದಾ ಮೊದಲಾದ ಸಹೋದ್ಯೋಗಿಗಳ ಶ್ರಮವೂ ಅದರಲ್ಲಿ ಸೇರಿತ್ತು. ಆ ಪರದೆಗೆ ಬಣ್ಣಗಳಿರಲಿಲ್ಲ. ಹಸಿರು ಛಾಯೆಯ ಮೇಲೆ ಕಪ್ಪು ಆಕೃತಿಗಳು ಮಾತ್ರ. ಎದುರಾಳಿ ಕಂಪನಿಗಳು ಬಣ್ಣದ ಪರದೆಯ ಯಂತ್ರಗಳನ್ನು ತರುವ ಸುದ್ದಿ ಬಂದಾಗ ಸಂಗಡಿಗರು ಗಾಬರಿಗೊಂಡರೆ, ಬಣ್ಣವೆಂಬ ಮಾತನ್ನು ಕೇಳಿಯೇ ಯೊಕೊಯಿ ನಿಶ್ಚಿಂತರಾದರಂತೆ. ಬಣ್ಣದ ಪರದೆ ಬ್ಯಾಟರಿಯನ್ನು ಬೇಗ ನುಂಗುವುದೆಂದು ಅವರು ಬಲ್ಲವರಾಗಿದ್ದರು. ಗೇಮ್ ಬಾಯ್ ನಾಲ್ಕು ಸಣ್ಣ ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಹೆಚ್ಚು ನಡೆದರೆ, ಎದುರಾಳಿಗಳವು ಆರು ಸೆಲ್ಲುಗಳನ್ನು ಹಾಕಿದರೂ ಕೆಲವೇ ಗಂಟೆಗಳಲ್ಲಿ ನಿಲ್ಲುತ್ತಿದ್ದವು. ಕಪ್ಪು ಹಲಗೆಯ ಮೇಲೆ ಎರಡು ವೃತ್ತಗಳನ್ನು ಬರೆದು ಹಿಮದ ಬೊಂಬೆ ಎಂದರೆ ನೋಡುವವನ ಮನಸ್ಸೇ ಅದಕ್ಕೆ ಬಿಳುಪನ್ನು ತುಂಬಿಕೊಳ್ಳುತ್ತದೆ ಎಂಬುದು ಅವರ ವಾದ. ಸೀಮೆಸುಣ್ಣ ಹಿಡಿದು ಬಾಳು ಸವೆಸಿದವರು ಇದನ್ನು ಬೇಗನೆ ಒಪ್ಪುತ್ತಾರೆ. ಗೇಮ್ ಬಾಯ್ ಹಾಗೂ ಅದರ ಮುಂದಿನ ಬಣ್ಣದ ಆವೃತ್ತಿ ಸೇರಿ 11 ಕೋಟಿ 80 ಲಕ್ಷಕ್ಕೂ ಮಿಕ್ಕಿ ಮಾರಾಟವಾದವು.

1995ರ ವರ್ಚುಯಲ್ ಬಾಯ್ ಯಂತ್ರ ಮಾತ್ರ ಸೋತಿತು. ಕಣ್ಣಿಗೊತ್ತಿ ನೋಡಬೇಕಾದ, ಕೆಂಪು ಬೆಳಕಿನಲ್ಲಿ ಆಳದ ಭ್ರಮೆಯನ್ನು ಹುಟ್ಟಿಸುವ ಆ ಯಂತ್ರವು ಆಡುವವರ ಕಣ್ಣುಗಳನ್ನು ದಣಿಸಿತು. ಮಾರಾಟ 8 ಲಕ್ಷವನ್ನೂ ಮುಟ್ಟಲಿಲ್ಲ. 1996ರ ಆಗಸ್ಟಿನಲ್ಲಿ ಯೊಕೊಯಿಯವರು ಮೂವತ್ತೊಂದು ವರ್ಷಗಳ ಉದ್ಯೋಗವನ್ನು ತೊರೆದರು. ಸೋಲೇ ಇದಕ್ಕೆ ಕಾರಣವೆಂದು ಜನರಾಡಿಕೊಂಡರೂ, ಸ್ವತಂತ್ರವಾಗಿ ಕೆಲಸಮಾಡುವ ಹಂಬಲ ತಮಗೆ ಹಿಂದಿನಿಂದಲೂ ಇತ್ತೆಂದು ಅವರು ತಿಳಿಸಿದರು. ಕ್ಯೋಟೊದಲ್ಲಿಯೇ ಕೋಟೊ ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿ, ಬ್ಯಾಂಡಾಯ್ ಕಂಪನಿಗಾಗಿ ಹೊಸ ಅಂಗೈ ಯಂತ್ರವೊಂದರ ಕೆಲಸದಲ್ಲಿ ತೊಡಗಿದರು.

ಅದು ಮುಗಿಯುವುದನ್ನು ನೋಡುವ ಭಾಗ್ಯ ಅವರಿಗೆ ಇರಲಿಲ್ಲ. 1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತದ ಹೆದ್ದಾರಿಯಲ್ಲಿ ಅವರಿದ್ದ ಕಾರು ಮುಂದಿನ ವಾಹನಕ್ಕೆ ತಗುಲಿತು. ಏನಾಗಿದೆಯೆಂದು ಇಳಿದು ನೋಡುತ್ತಿದ್ದಾಗ ಮತ್ತೊಂದು ಕಾರು ಬಂದು ಬಡಿಯಿತು. ಆಗ ಅವರಿಗೆ ಐವತ್ತಾರು ವರ್ಷ. ಅವರು ಆರಂಭಿಸಿದ್ದ ಯಂತ್ರ ವಂಡರ್‌ಸ್ವಾನ್ ಎಂಬ ಹೆಸರಿನಿಂದ 1999ರಲ್ಲಿ ಹೊರಬಂದಿತು. ಬಣ್ಣವಿಲ್ಲದ ಅದರ ಪರದೆ ಒಂದೇ ಒಂದು ಸೆಲ್ಲಿನಿಂದ ನಡೆಯುತ್ತಿತ್ತು. ಅದರ ಜೊತೆಗೆ ಬಂದ, ಗೆರೆಗಳನ್ನು ಜೋಡಿಸುವ ಒಂದು ಆಟಕ್ಕೆ ಗುಂಪೇ ಎಂದು ಹೆಸರಿಟ್ಟಿದ್ದರು.